ಎರಡು ಪಾಸ್ ಬಿದ್ದ ಮೇಲೆ: ಡಬಲ್, ಸೂಟ್, ನೋ ಟ್ರಂಪ್, ಇಲ್ಲಾ ಸುಮ್ನಿರೋದಾ?

ಬ್ರಿಜ್ ಆಟ, ಎಲೆ ಇಳಿಸುವ ಮೊದಲಿನ ಹರಾಜು. ನಿಮ್ಮ ಎಡಗಡೆಯವರು "ಒಂದು ಹಾರ್ಟ್" ಅಂದರು, ಅಂದರೆ ಹಾರ್ಟ್ ತುರುಫು ಇಟ್ಟು ಹದಿಮೂರರಲ್ಲಿ ಏಳು ಟ್ರಿಕ್ (ಪಟ್ಟು) ಗೆಲ್ಲುತ್ತೇವೆ ಅಂತ. ಪಾರ್ಟ್‌ನರ್ ಪಾಸ್. ಬಲಗಡೆಯವರೂ ಪಾಸ್. ಈಗ ಮೂವರೂ ನಿಮ್ಮ ಮುಖ ನೋಡುತ್ತಿದ್ದಾರೆ. ನೀವೂ ಪಾಸ್ ಅಂದರೆ ಹರಾಜು ಅಲ್ಲಿಗೆ ಮುಗಿಯಿತು. ಕೈಯಲ್ಲಿರೋದು ಒಂಬತ್ತೇ ಪಾಯಿಂಟ್. ಏನು ಮಾಡ್ತೀರಿ?

ಕಲಬುರಗಿಯಲ್ಲಿ ನಮ್ಮದು ನಾಲ್ಕೇ ಜನರ ಬ್ರಿಜ್ ಕೂಟ. ನಾನು ಮತ್ತು ಕಾಕಾ ಒಂದು ಜೋಡಿ. ಗಂಜ್‌ನಲ್ಲಿ ತೊಗರಿ ಅಡತಿ ಇರುವ ಸಾವ್ಕಾರ್ರು ಮತ್ತು ನಮ್ಮ ವೈನಿ ಇನ್ನೊಂದು ಜೋಡಿ. ಬೇಸಿಗೆಯಲ್ಲಿ ಕುರ್ಚಿ, ಟೇಬಲ್ಲು ಯಾರಿಗೂ ಬೇಡ. ನಡುಮನೆಯ ಶಹಾಬಾದ್ ಕಲ್ಲಿನ ನೆಲ ತಣ್ಣಗಿರುತ್ತದೆ, ಅಲ್ಲೇ ಕೂರುತ್ತೇವೆ. ಎಲೆಗಳು ಅದರ ಮೇಲೆ ಜಾರಿಕೊಂಡು ಎದುರಿನವರ ಮಡಿಲಿಗೇ ಹೋಗುತ್ತವೆ, ಅದೊಂದೇ ತೊಂದರೆ. ಮೊದಲೆಲ್ಲ ಇಸ್ಪೀಟು ಅಂದರೆ ಮನೆಯಲ್ಲಿ ಬೈಗುಳವೇ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಅವರಿಗೆ ಬ್ರಿಜ್‌ನಲ್ಲಿ ಚಿನ್ನ ಬಂದಾಗ ಕಾಕಾ ಆ ಪೇಪರ್ ಮಡಚಿ ಎಲೆಗಳ ಡಬ್ಬಿಯಲ್ಲಿಟ್ಟರು. ಯಾರಾದರೂ ಗೊಣಗಿದರೆ ತೆಗೆದು ತೋರಿಸುತ್ತಾರೆ.

ಈ ನಾಲ್ಕು ಜನರಲ್ಲಿ ಜಾಸ್ತಿ ಜಗಳ ಆಗೋದು ಮೇಲೆ ಹೇಳಿದ ಆ ಜಾಗದಲ್ಲೇ. ಸವಾಲಿನಲ್ಲಿ "ಒಂದು ಸಾರಿ, ಎರಡು ಸಾರಿ" ಅಂತ ಕೂಗಿ ಆಗಿದೆ, ಮೂರನೇ ಸಾರಿ ಅನ್ನೋದು ನಿಮ್ಮ ಬಾಯಲ್ಲಿದೆ. ಇಲ್ಲಿ ಮಾತಾಡುವುದಕ್ಕೆ ಬ್ಯಾಲೆನ್ಸಿಂಗ್ ಅಂತಾರೆ. ಇರುವ ದಾರಿ ನಾಲ್ಕು: ಡಬಲ್ (ಅವರ ಸವಾಲನ್ನೇ ದುಪ್ಪಟ್ಟು ಮಾಡೋದು), ನಿಮ್ಮದೇ ಸೂಟ್, ಒಂದು ನೋ ಟ್ರಂಪ್ (ತುರುಫೇ ಇಲ್ಲದ ಆಟ), ಪಾಸ್. ಯಾವ ಕೈಗೆ ಯಾವುದು ಅನ್ನೋದೇ ಈ ಬರಹ.

ಮೊದಲು ಲೆಕ್ಕ

ಕಟ್ಟಿನಲ್ಲಿ ಒಟ್ಟು 40 ಪಾಯಿಂಟ್. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಶುರು ಮಾಡಿದವರ ಹತ್ತಿರ ಸಾಧಾರಣವಾಗಿ 13-14 ಇರುತ್ತದೆ. ಅವರ ಜೊತೆಗಾರ 6 ಇದ್ದಿದ್ದರೆ ಏನಾದರೂ ಹೇಳುತ್ತಿದ್ದರು. ಪಾಸ್ ಅಂದಿದ್ದಾರೆ, ಅಂದರೆ 3-4 ಅಂದುಕೊಳ್ಳಿ. ಇಬ್ಬರದೂ ಸೇರಿ 18. ಉಳಿದ 22 ನಿಮ್ಮಿಬ್ಬರ ಕಡೆ ಇದೆ. ನಿಮ್ಮ ಹತ್ತಿರ ಒಂಬತ್ತು ಅಂದರೆ ಪಾರ್ಟ್‌ನರ್ ಹತ್ತಿರ ಹದಿಮೂರು!

ಹದಿಮೂರು ಇಟ್ಟುಕೊಂಡು ಅವರು ಯಾಕೆ ಸುಮ್ಮನಿದ್ದರು? ಇದೇ ಮುಖ್ಯ ಪ್ರಶ್ನೆ. ಮೌನ ಅಂದರೆ ಒಪ್ಪಿಗೆ ಅಂತಾರೆ, ಆದರೆ ಬ್ರಿಜ್‌ನಲ್ಲಿ ಮೌನಕ್ಕೆ ಬೇರೆ ಕಾರಣವೂ ಇರುತ್ತದೆ. ಬಹಳ ಸಲ ಅವರ ಕೈಯಲ್ಲಿ ಹಾರ್ಟೇ ತುಂಬಿರುತ್ತದೆ. ಹಾರ್ಟ್ ಉದ್ದ ಇರುವವರು ಟೇಕ್‌ಔಟ್ ಡಬಲ್ ("ಅವರ ಸೂಟ್ ಬಿಟ್ಟು ನಿನ್ನದೊಂದು ಹೇಳು" ಅಂತ ಪಾರ್ಟ್‌ನರ್‌ಗೆ ಕೇಳುವ ಡಬಲ್) ಹೇಳುವ ಹಾಗಿಲ್ಲ. ಎದುರಾಳಿ ಹೇಳಿದ ಸೂಟನ್ನೇ ತಮ್ಮ ಸೂಟ್ ಅಂತ ಹೇಳುವ ಹಾಗೂ ಇಲ್ಲ. ಹಲ್ಲು ಕಚ್ಚಿ ಪಾಸ್ ಅನ್ನಬೇಕು.

ಹಾಗಾಗಿ ನಾನು ಮೊದಲು ನೋಡೋದು ಪಾಯಿಂಟ್ ಅಲ್ಲ. ನನ್ನ ಕೈಯಲ್ಲಿ ಅವರ ಸೂಟ್ ಎಷ್ಟು ಎಲೆ ಇದೆ ಅಂತ. ಒಂದೇ ಒಂದು ಇದ್ದರೆ ಉಳಿದವು ಎಲ್ಲೋ ಇರಲೇಬೇಕು. ಶುರು ಮಾಡಿದವರಿಗೆ ಐದು, ಸುಮ್ಮನಿದ್ದ ಅವರ ಜೊತೆಗಾರರಿಗೆ ಎರಡು ಅಂತ ಹಿಡಿದರೆ ಕಾಕಾನ ಹತ್ತಿರ ಐದು. ಅವರು ಬಲೆ ಹಾಕಿ ಕೂತಿದ್ದಾರೆ. ಅದೇ ನನ್ನ ಕೈಯಲ್ಲೇ ನಾಲ್ಕು ಹಾರ್ಟ್ ಇದ್ದರೆ ಕಾಕಾನ ಹತ್ತಿರ ಎರಡೇ. ಎರಡೇ ಹಾರ್ಟ್ ಇದ್ದೂ ಅವರು ಬಾಯಿ ತೆಗೆಯಲಿಲ್ಲ ಅಂದರೆ ಅವರ ಕೈ ನಿಜಕ್ಕೂ ಬಡವ. ಎರಡೂ ಕಡೆ ನನ್ನ ಪಾಯಿಂಟ್ ಒಂದೇ, ಉತ್ತರ ಮಾತ್ರ ಬೇರೆ.

ಇನ್ನೊಂದು ಮಾತು. ಈ ಜಾಗದಲ್ಲಿ ಕೂತವರು ಪಾರ್ಟ್‌ನರ್ ಕೈಯಿಂದ ಒಬ್ಬ ರಾಜನನ್ನು ಕೈಗಡ ತೆಗೆದುಕೊಳ್ಳಬಹುದು. ಅಂದರೆ ಮೂರು ಪಾಯಿಂಟ್. ಒಂಬತ್ತು ಇದ್ದರೆ ಹನ್ನೆರಡು ಇದೆ ಅಂತ ಮಾತಾಡಬಹುದು. ಕೈಗಡಕ್ಕೆ ಬಡ್ಡಿ ಇಲ್ಲ, ಆದರೆ ಲೆಕ್ಕ ಇದೆ. ಆ ಲೆಕ್ಕಕ್ಕೆ ಆಮೇಲೆ ಬರೋಣ.

ಡಬಲ್: ಅವರ ಸೂಟ್ ಕಡಿಮೆ ಇದ್ದಾಗ

ಹೋದ ತಿಂಗಳಿನ ಒಂದು ಕೈ. ಸಾವ್ಕಾರ್ರು ಒಂದು ಹಾರ್ಟ್ ಅಂದರು. ಕಾಕಾ ಪಾಸ್, ವೈನಿ ಪಾಸ್. ನನ್ನ ಕೈ ಹೀಗಿತ್ತು: ಸ್ಪೇಡ್‌ನಲ್ಲಿ ರಾಜ, ಗುಲಾಮ, 8, 4. ಹಾರ್ಟ್ 5 ಒಂದೇ. ಡೈಮಂಡ್‌ನಲ್ಲಿ ಎಕ್ಕ, 9, 7, 3. ಕ್ಲಬ್‌ನಲ್ಲಿ ರಾಣಿ, 10, 6, 2. ಹತ್ತು ಪಾಯಿಂಟ್. ಉಳಿದ ಮೂರೂ ಸೂಟ್‌ನಲ್ಲಿ ನಾಲ್ಕು ನಾಲ್ಕು ಎಲೆ. ಇದಕ್ಕಿಂತ ಚೆಂದದ ಡಬಲ್ ಸಿಗೋದಿಲ್ಲ. ಡಬಲ್ ಅಂದೆ.

ವೈನಿಯ ಸರದಿ ನಡುವೆ ಬಂತಲ್ಲ ಅಂತ ಕೇಳಬೇಡಿ, ನನ್ನ ನಂತರ ಮಾತು ಸಾವ್ಕಾರ್ರದೇ. ಅವರು ಪಾಸ್. ಆಮೇಲೆ ಕಾಕಾ. ಕನ್ನಡಕ ಸರಿ ಮಾಡಿಕೊಂಡರು, ಎಲೆಗಳನ್ನು ಒಟ್ಟು ಮಾಡಿ ತೊಡೆಯ ಮೇಲೆ ಬೋರಲು ಇಟ್ಟರು. "ಪಾಸ್" ಅಂದರು. ಸಾವ್ಕಾರ್ರ ಮುಖ ನೋಡಬೇಕಿತ್ತು.

ಕಾಕಾನ ಕೈಯಲ್ಲಿ ಹಾರ್ಟ್ ರಾಜ, ರಾಣಿ, 10, 8, 3. ಜೊತೆಗೆ ಸ್ಪೇಡ್ ಎಕ್ಕ, ಡೈಮಂಡ್ ರಾಜ. ಒಟ್ಟು 12. ನನ್ನ ಟೇಕ್‌ಔಟ್ ಡಬಲನ್ನು ಅವರು ಪಾಸ್ ಮಾಡಿ ದಂಡದ ಡಬಲ್ ಮಾಡಿದರು. ಮೊದಲ ಎಲೆಯೇ ಹಾರ್ಟ್ ರಾಜ. ಎರಡು ಟ್ರಿಕ್ ಕಡಿಮೆ ಬಿತ್ತು. ಅವರು ವಲ್ನರಬಲ್ (ಸೋತರೆ ದಂಡ ಜಾಸ್ತಿ ಬೀಳುವ ಸ್ಥಿತಿ) ಇರಲಿಲ್ಲ, ಆದರೂ ನಮಗೆ 300. ನಾನು ಸುಮ್ಮನೆ ಪಾಸ್ ಅಂದಿದ್ದರೆ ಅದೇ ಎರಡು ಟ್ರಿಕ್‌ಗೆ ಬರೋದು 100 ಮಾತ್ರ.

ಇಲ್ಲಿ ಗಮನಿಸಿ, ಕಾಕಾನಿಗೆ ಆ ಮೊದಲ ಸುತ್ತಿನಲ್ಲಿ ಏನೂ ಹೇಳಲು ದಾರಿ ಇರಲಿಲ್ಲ. ದಾರಿ ಮಾಡಿಕೊಡೋದು ನನ್ನ ಕೆಲಸ. ಈ ಕೈಯಲ್ಲಿ ನಾನು ಎರಡು ಕ್ಲಬ್ ಅಂದಿದ್ದರೆ ಅವರ ಬಲೆ ಖಾಲಿ. ಡಬಲ್ ಮಾತ್ರ ಪಾರ್ಟ್‌ನರ್‌ಗೆ ಎರಡೂ ಬಾಗಿಲು ತೆರೆದಿಡುತ್ತದೆ: ಇಷ್ಟವಾದ ಸೂಟ್ ಹೇಳಬಹುದು, ಇಲ್ಲಾ ಅಲ್ಲೇ ಹೊಡೆಯಬಹುದು.

ಎಷ್ಟು ಪಾಯಿಂಟ್ ಬೇಕು? ಆಕಾರ ಸರಿ ಇದ್ದರೆ ಎಂಟಕ್ಕೂ ಡಬಲ್ ಹೇಳಬಹುದು. ಆಕಾರ ಸುಮಾರಾಗಿದ್ದರೆ ಹತ್ತು-ಹನ್ನೊಂದು ಇರಲಿ. ಹೇಳದೇ ಉಳಿದಿರುವ ಮೇಜರ್ ಸೂಟ್‌ನಲ್ಲಿ (ಸ್ಪೇಡ್ ಅಥವಾ ಹಾರ್ಟ್) ನಾಲ್ಕು ಎಲೆ ಇದ್ದರೆ ಧೈರ್ಯ ಜಾಸ್ತಿ. ಎದುರಾಳಿ ಶುರು ಮಾಡಿದ್ದು ಒಂದು ಕ್ಲಬ್ ಆದರೆ ನಿಮ್ಮ ಪಾರ್ಟ್‌ನರ್ ಒಂದರ ಮಟ್ಟದಲ್ಲೇ ಉತ್ತರ ಕೊಡಬಹುದು, ಆರಾಮ. ಒಂದು ಸ್ಪೇಡ್ ಆದರೆ ಪಾರ್ಟ್‌ನರ್ ಸೂಟ್ ಹೇಳಲು ಎರಡಕ್ಕೇ ಹೋಗಬೇಕು. ಆಗ ಒಂದೆರಡು ಪಾಯಿಂಟ್ ಜಾಸ್ತಿ ಇದ್ದರೆ ಒಳ್ಳೆಯದು.

ಕಡಿಮೆಗೆ ಮಿತಿ ಇದೆ, ಜಾಸ್ತಿಗೆ ಇಲ್ಲ. ಹದಿನೇಳು, ಹದಿನೆಂಟರ ದೊಡ್ಡ ಕೈಗಳೂ ಇಲ್ಲಿ ಡಬಲ್‌ನಿಂದಲೇ ಶುರುವಾಗುತ್ತವೆ. ಮೊದಲು ಡಬಲ್, ಮುಂದಿನ ಸುತ್ತಿನಲ್ಲಿ ಸ್ವಂತ ಸೂಟ್ ಅಥವಾ ನೋ ಟ್ರಂಪ್. ಹಾಗೆ ಎರಡನೇ ಸಲ ಮಾತಾಡಿದವರ ಹತ್ತಿರ ನಿಜವಾಗಿಯೂ ಮಾಲಿದೆ ಅಂತ ಅರ್ಥ.

ಸ್ವಂತ ಸೂಟ್: ಐದು ಎಲೆ ಇದ್ದರೆ ಸಂಕೋಚ ಬೇಡ

ಸ್ಪೇಡ್ ರಾಜ, ಗುಲಾಮ, 10, 8, 4. ಹಾರ್ಟ್ 7, 3. ಡೈಮಂಡ್ ಎಕ್ಕ, 6, 5. ಕ್ಲಬ್ 8, 4, 2. ಎಂಟೇ ಪಾಯಿಂಟ್. ಒಂದು ಹಾರ್ಟ್, ಪಾಸ್, ಪಾಸ್ ಆದ ಮೇಲೆ ಇದಕ್ಕೆ ಡಬಲ್ ಬೇಡ, ನೇರವಾಗಿ ಒಂದು ಸ್ಪೇಡ್ ಅನ್ನಿ. ಡಬಲ್ ಹೇಳಿದರೆ ಪಾರ್ಟ್‌ನರ್ ಎರಡು ಕ್ಲಬ್ ಅಂದಾರು, ಆಮೇಲೆ ಎರಡು ಸ್ಪೇಡ್ ಅಂದರೆ ನೀವು ದೊಡ್ಡ ಕೈ ತೋರಿಸಿದ ಹಾಗೆ ಆಗುತ್ತದೆ. ಸುಳ್ಳು ಹೇಳಿದ ಹಾಗೆ.

ಎರಡರ ಮಟ್ಟಕ್ಕೆ ಹೋಗಬೇಕಾದಾಗ, ಅಂದರೆ ಹಾರ್ಟ್ ಮೇಲೆ ಎರಡು ಕ್ಲಬ್ ಅಥವಾ ಎರಡು ಡೈಮಂಡ್, ಸೂಟ್ ಚೆನ್ನಾಗಿರಲಿ. ಎಕ್ಕ-ರಾಣಿ-ಹತ್ತು ತರಹದ್ದು. ಐದು ಚಿಲ್ಲರೆ ಎಲೆ ಇಟ್ಟುಕೊಂಡು ಎರಡಕ್ಕೆ ಏರುವವರನ್ನು ಸಾವ್ಕಾರ್ರು ಬಹಳ ಪ್ರೀತಿಯಿಂದ ನೋಡುತ್ತಾರೆ.

ಒಂದು ಎಚ್ಚರ. ಸಾಮಾನ್ಯ ಜಾಗದಲ್ಲಿ, ಅಂದರೆ ಎದುರಾಳಿ ಶುರು ಮಾಡಿದ ತಕ್ಷಣದ ಸರದಿಯಲ್ಲಿ, ಒಂದು ಮೆಟ್ಟಿಲು ಜಾಸ್ತಿ ಹಾರಿ ಎರಡು ಸ್ಪೇಡ್ ಅಂದರೆ ಬಡ ಕೈ, ಆರು ಎಲೆ. ಅವರ ದಾರಿಗೆ ಅಡ್ಡ ಹಾಕುವ ಆಟ. ಈ ಕೊನೆಯ ಜಾಗದಲ್ಲಿ ಅಡ್ಡ ಹಾಕೋದಕ್ಕೆ ಏನಿದೆ? ಅವರೇ ನಿಂತುಬಿಟ್ಟಿದ್ದಾರೆ. ಬಡ ಕೈ ಇದ್ದರೆ ಪಾಸ್ ಅಂದರೆ ಆಯಿತು. ಹಾಗಾಗಿ ಇಲ್ಲಿ ಹಾರಿದರೆ ಒಳ್ಳೆ ಕೈ: ಆರು ಎಲೆಯ ಗಟ್ಟಿ ಸೂಟ್, ಹದಿಮೂರರಿಂದ ಹದಿನಾರು ಪಾಯಿಂಟ್. ಇದನ್ನು ಪಾರ್ಟ್‌ನರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ನಾವು ಮಾತಾಡಿಕೊಂಡಿರಲಿಲ್ಲ. ನಾನು ಎರಡು ಸ್ಪೇಡ್ ಅಂದೆ, ಕಾಕಾ ಹನ್ನೊಂದು ಪಾಯಿಂಟ್ ಇಟ್ಟುಕೊಂಡು ಪಾಸ್ ಅಂದರು, ಹತ್ತು ಟ್ರಿಕ್ ಬಂತು. ಗೇಮ್, ಅಂದರೆ ನಾಲ್ಕು ಸ್ಪೇಡ್ ಹೇಳಿ ಗೆದ್ದರೆ ಸಿಗುವ ದೊಡ್ಡ ಲಾಭ, ಕೈ ತಪ್ಪಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಇಬ್ಬರೂ ಮಾತಾಡಲಿಲ್ಲ.

ಒಂದು ನೋ ಟ್ರಂಪ್: ಸಸ್ತಾ ಆಗುತ್ತದೆ

ನೇರ ಸರದಿಯಲ್ಲಿ ಒಂದು ನೋ ಟ್ರಂಪ್ ಅಂದರೆ 15ರಿಂದ 18. ಇಲ್ಲಿ 11ರಿಂದ 14. ರಾಜನ ಕೈಗಡ ಕಳೆದರೆ ಹತ್ತಿರ ಹತ್ತಿರ ಅದೇ. ಸ್ಪೇಡ್ ರಾಜ, 8, 4. ಹಾರ್ಟ್ ರಾಣಿ, ಗುಲಾಮ, 5. ಡೈಮಂಡ್ ರಾಜ, ಗುಲಾಮ, 7, 3. ಕ್ಲಬ್ ರಾಣಿ, 6, 2. ಹನ್ನೆರಡು ಪಾಯಿಂಟ್, ಸಮ ಆಕಾರ, ಹಾರ್ಟ್‌ಗೆ ತಡೆ ಇದೆ. ಬೇರೆ ಯೋಚನೆಯೇ ಬೇಡ.

ಇದಕ್ಕೆ ಡಬಲ್ ಹೇಳಿದರೇನು? ಪಾರ್ಟ್‌ನರ್ ನಾಲ್ಕು ಸಣ್ಣ ಸ್ಪೇಡ್ ಇಟ್ಟುಕೊಂಡು ಒಂದು ಸ್ಪೇಡ್ ಅಂತಾರೆ, ನಿಮ್ಮ ಹತ್ತಿರ ಮೂರೇ. ಏಳೆಲೆಯ ತುರುಫು ಹಿಡಿದುಕೊಂಡು ಒದ್ದಾಡಬೇಕು. ಮೂರು ಹಾರ್ಟ್ ಇರುವ ಕೈಗೆ ಡಬಲ್ ನನಗೆ ಯಾವತ್ತೂ ರುಚಿಸಿಲ್ಲ.

ಹದಿನೈದು ಅಥವಾ ಅದಕ್ಕಿಂತ ಜಾಸ್ತಿ ಪಾಯಿಂಟಿನ ಸಮ ಕೈ ಇದ್ದರೆ ಮೊದಲು ಡಬಲ್, ಆಮೇಲೆ ಕಡಿಮೆ ಮಟ್ಟದ ನೋ ಟ್ರಂಪ್. ಹತ್ತೊಂಬತ್ತು-ಇಪ್ಪತ್ತು ಇದ್ದರೆ ನೇರ ಎರಡು ನೋ ಟ್ರಂಪ್. ತಡೆ ಅರ್ಧಂಬರ್ಧ ಇದ್ದರೂ ನಡೆಯುತ್ತದೆ, ಯಾಕೆಂದರೆ ಪಾರ್ಟ್‌ನರ್ ಹತ್ತಿರ ಹಾರ್ಟ್ ಇರುವ ಸಂಭವ ಇದ್ದೇ ಇದೆ.

ಪಾಸ್: ಇದೂ ಒಂದು ಆಯ್ಕೆನೇ

ಬ್ಯಾಲೆನ್ಸಿಂಗ್ ಕಲಿತ ಹೊಸತರಲ್ಲಿ ಪಾಸ್ ಅನ್ನೋದು ಹೇಡಿತನ ಅನಿಸುತ್ತದೆ. ನನಗೂ ಅನಿಸಿತ್ತು. ಒಂದು ಸಲ ನನ್ನ ಕೈಯಲ್ಲಿ ಸ್ಪೇಡ್ ಎರಡು, ಹಾರ್ಟ್ ರಾಜ, ಗುಲಾಮ ಸೇರಿ ನಾಲ್ಕು. ಡೈಮಂಡ್ ಎರಡು ಚಿಲ್ಲರೆ, ಕ್ಲಬ್ ಐದು. ಒಂಬತ್ತು ಪಾಯಿಂಟ್. ಸಾವ್ಕಾರ್ರ ಒಂದು ಹಾರ್ಟ್ ಮೇಲೆ ಎರಡು ಕ್ಲಬ್ ಅಂದೆ. ಸಾವ್ಕಾರ್ರು ಒಂದು ನಿಮಿಷವೂ ಯೋಚಿಸಲಿಲ್ಲ, ಎರಡು ಸ್ಪೇಡ್ ಅಂದರು. ವೈನಿ ಹತ್ತಿರ ಐದು ಪಾಯಿಂಟ್, ಸ್ಪೇಡ್ ನಾಲ್ಕು. ನಾಲ್ಕು ಸ್ಪೇಡ್‌ಗೆ ಹೋಗಿ ಗೆದ್ದರು. ಟೂರ್ನಮೆಂಟ್ ಲೆಕ್ಕದಲ್ಲಿ (ಮುಂದಿನ ಅಂಕಗಳೂ ಅದೇ ಲೆಕ್ಕದವು) 420. ನಾನು ಬಾಯಿ ಮುಚ್ಚಿಕೊಂಡಿದ್ದರೆ ಒಂದು ಹಾರ್ಟ್‌ನಲ್ಲೇ ಇರುತ್ತಿದ್ದರು, ನೂರರ ಆಸುಪಾಸು.

"ನೀವು ಎಬ್ಬಿಸಲಿಲ್ಲ ಅಂದ್ರ ನಾವು ಅಲ್ಲೇ ಮಲಗಿರ್ತಿದ್ವಿ ನೋಡ್ರಿ" ಅಂದರು ಸಾವ್ಕಾರ್ರು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ತಪ್ಪು ಎಲ್ಲಿ? ಎರಡು ಕಡೆ. ಅವರ ಸೂಟ್ ನನ್ನ ಹತ್ತಿರವೇ ನಾಲ್ಕು ಇತ್ತು. ಅಂದರೆ ಅವರು ಕೆಟ್ಟ ಜಾಗದಲ್ಲಿ ನಿಂತಿದ್ದರು, ಅಲ್ಲೇ ಬಿಡಬೇಕಿತ್ತು. ಎರಡನೆಯದು, ಸ್ಪೇಡ್ ನನ್ನ ಹತ್ತಿರ ಎರಡೇ ಇತ್ತು. ಹರಾಜು ಮತ್ತೆ ತೆರೆದರೆ ಅವರಿಗೂ ಇನ್ನೊಂದು ಅವಕಾಶ ಸಿಗುತ್ತದೆ, ಮತ್ತು ಸ್ಪೇಡ್ ಎಲ್ಲಕ್ಕಿಂತ ಮೇಲಿನ ಸೂಟ್. ಸ್ಪೇಡ್ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲದೆ ಎಬ್ಬಿಸಬಾರದು. ಈಗ ಇಂಥ ಕೈ ಬಂದರೆ ಪಾಸ್ ಅಂದು ಎಲೆ ಮಡಚುತ್ತೇನೆ.

ಕೈಗಡದ ಲೆಕ್ಕ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ನೋಡಿದ ಜೋಡಿಗಳೆಲ್ಲ ಒಡೆಯೋದು ಇಲ್ಲೇ.

ನೀವು ಒಂಬತ್ತಕ್ಕೆ ಡಬಲ್ ಹೇಳಿದಿರಿ. ಪಾರ್ಟ್‌ನರ್ ರಾಜನನ್ನು ನೀವು ಆಗಲೇ ಎಣಿಸಿ ಆಗಿದೆ. ಈಗ ಪಾರ್ಟ್‌ನರ್ ಅದೇ ರಾಜನನ್ನು ತನ್ನ ಕೈಯಲ್ಲಿ ನೋಡಿ ಮತ್ತೆ ಎಣಿಸಿದರೆ? ಒಂದೇ ರೊಕ್ಕ ಎರಡು ಖಾತೆಯಲ್ಲಿ ಬರೆದ ಹಾಗೆ. ಶುರುವಿನ ದಿನಗಳಲ್ಲಿ ಕಾಕಾ ಹೀಗೇ ಮಾಡುತ್ತಿದ್ದರು. ನನ್ನ ಡಬಲ್ ಕೇಳಿದ್ದೇ ತಡ, ಹನ್ನೆರಡು ಪಾಯಿಂಟ್ ಇದೆ ಅಂತ ನೇರ ನಾಲ್ಕು ಸ್ಪೇಡ್. ಮೂರು ಟ್ರಿಕ್ ಕಡಿಮೆ. "ಡಬಲ್ ಅಂದಿ, ಮಾಲ್ ಎಲ್ಲಿ?" ಅಂತ ನನ್ನನ್ನೇ ಕೇಳಿದರು. ಮಾಲು ಅವರ ಕೈಯಲ್ಲೇ ಇತ್ತು, ನಾನು ಅದನ್ನು ನಂಬಿಯೇ ಮಾತಾಡಿದ್ದು.

ಇದರಿಂದ ಇನ್ನೊಂದು ಕೆಟ್ಟದ್ದಾಗುತ್ತದೆ. ಎರಡು ಸಲ ಹೀಗೆ ಬೈಸಿಕೊಂಡರೆ ಮೂರನೇ ಸಲ ನೀವು ಡಬಲ್ ಹೇಳೋದಿಲ್ಲ. ಒಳ್ಳೆ ಕೈ ಬಂದರೂ ಪಾಸ್ ಅಂತೀರಿ. ಒಂದು ವರ್ಷ ನಾನು ಹಾಗೇ ಆಡಿದೆ.

ಈಗ ನಮ್ಮ ಒಪ್ಪಂದ ಸರಳ. ಬ್ಯಾಲೆನ್ಸಿಂಗ್ ಡಬಲ್‌ಗೆ ಉತ್ತರ ಕೊಡುವವರು ತಮ್ಮ ಕೈಯಿಂದ ಮೂರು ಕಳೆದು ಉತ್ತರ ಕೊಡಬೇಕು. ಹನ್ನೊಂದು ಇದ್ದರೆ ಎಂಟು ಅಂತ ತಿಳಿದು ಒಂದು ಸ್ಪೇಡ್. ಹದಿಮೂರು ಇದ್ದರೆ ಹತ್ತು ಅಂತ ತಿಳಿದು ಎರಡಕ್ಕೆ ಹಾರಬಹುದು. ಅವರೇ ಮೊದಲು ಪಾಸ್ ಅಂದಿದ್ದರಿಂದ ಅದಕ್ಕಿಂತ ದೊಡ್ಡ ಕೈ ಅಪರೂಪ. ಅಪರೂಪಕ್ಕೆ ಬಂದರೆ ಎದುರಾಳಿಯ ಸೂಟನ್ನೇ ಹೇಳಿ ಮುಂದೆ ಕೇಳಬಹುದು.

ಡಬಲನ್ನು ಪಾಸ್ ಮಾಡಿ ಹೊಡೆಯೋದಕ್ಕೂ ಒಂದು ಮಿತಿ. ಒಂದು ಹಾರ್ಟ್ ಡಬಲ್ ಅಂದರೆ ನೀವೇ ಹಾರ್ಟ್ ತುರುಫು ಇಟ್ಟು ಏಳು ಟ್ರಿಕ್ ಮಾಡಿದ ಹಾಗೆ. ಹಾಗಾಗಿ ಐದು ಎಲೆ, ಅದರಲ್ಲೂ ರಾಜ-ರಾಣಿ-ಹತ್ತು ತರಹ ಗಟ್ಟಿ ಇರಬೇಕು. 9, 8, 7, 6, 3 ಇಟ್ಟುಕೊಂಡು ಪಾಸ್ ಅಂದರೆ ಅವರು ಗೆದ್ದು 160 ಬರೆದುಕೊಳ್ಳುತ್ತಾರೆ. ಪಾಸ್ ಮಾಡಿದ ಮೇಲೆ ಮೊದಲ ಎಲೆ ತುರುಫೇ ಇರಲಿ. ಅವರು ಚಿಲ್ಲರೆ ತುರುಫಿನಿಂದ ಕತ್ತರಿಸಿ ಟ್ರಿಕ್ ಮಾಡದ ಹಾಗೆ ನೋಡಿಕೊಳ್ಳಬೇಕು.

ಅವರು ಎರಡಕ್ಕೆ ಬಂದು ನಿಂತಾಗ

ಇದು ಬೇರೆ ಪರಿಸ್ಥಿತಿ. ಒಂದು ಹಾರ್ಟ್, ಪಾಸ್, ಎರಡು ಹಾರ್ಟ್, ಪಾಸ್, ಪಾಸ್. ಅವರಿಬ್ಬರಿಗೂ ಹೊಂದಾಣಿಕೆ ಸಿಕ್ಕಿದೆ, ಆದರೂ ಎರಡಕ್ಕೇ ನಿಂತರು. ಸಾವ್ಕಾರ್ರ ಭಾಷೆಯಲ್ಲಿ, "ಎರಡಕ್ಕ ನಿಂತಾರಂದ್ರ ಚೀಲದಾಗ ಜಾಸ್ತಿ ಇಲ್ಲ ಅಂತ ಅರ್ಥ." ಪಾಯಿಂಟ್ ಅತ್ತ ಇತ್ತ ಸರಿಸುಮಾರು ಇಪ್ಪತ್ತು-ಇಪ್ಪತ್ತು.

ಅವರ ಹತ್ತಿರ ಎಂಟು ಹಾರ್ಟ್ ಇದ್ದರೆ ನಮ್ಮ ಹತ್ತಿರ ಐದು. ನಮ್ಮ 26 ಎಲೆಯಲ್ಲಿ ಉಳಿದ 21 ಎಲೆ ಮೂರು ಸೂಟ್‌ಗೆ ಹಂಚಬೇಕು. ಏಳು-ಏಳು-ಏಳು ಆಗೋದು ಅಪರೂಪ. ಅಂದರೆ ಎಲ್ಲೋ ಒಂದು ಕಡೆ ನಮಗೂ ಎಂಟು ಎಲೆಯ ಸೂಟ್ ಇರುತ್ತದೆ. ಫ್ರಾನ್ಸಿನ ಜ್ಯಾಂ ರೆನೆ ವರ್ನ್ ಇದನ್ನೇ ಒಂದು ನಿಯಮವಾಗಿ 1960ರ ದಶಕದಲ್ಲಿ ಮುಂದಿಟ್ಟರು: ಎರಡೂ ಕಡೆಯವರ ಉದ್ದದ ತುರುಫು ಎಲೆಗಳನ್ನು ಕೂಡಿಸಿದರೆ ಎಷ್ಟೋ, ಎರಡೂ ಕಡೆ ಆಗುವ ಟ್ರಿಕ್‌ಗಳ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ. ಎಂಟು ಮತ್ತು ಎಂಟು, ಹದಿನಾರು. ಅವರಿಗೆ ಎಂಟು ಟ್ರಿಕ್ ಆದರೆ ನಮಗೂ ಎಂಟು.

ಈಗ ರೊಕ್ಕದ ಲೆಕ್ಕ ನೋಡಿ. ಅವರು ಎರಡು ಹಾರ್ಟ್ ಗೆದ್ದರೆ 110. ನಾವು ಮೂರು ಕ್ಲಬ್‌ಗೆ ಹೋಗಿ ಒಂದು ಟ್ರಿಕ್ ಸೋತರೆ, ವಲ್ನರಬಲ್ ಅಲ್ಲದಿದ್ದರೆ, 50 ಮಾತ್ರ ಹೋಗುತ್ತದೆ. ಸೋತೂ 60 ಉಳಿಸಿದ ಹಾಗೆ. ಅವರು ರೋಷಕ್ಕೆ ಮೂರು ಹಾರ್ಟ್‌ಗೆ ಏರಿ ಒಂದು ಟ್ರಿಕ್ ಸೋತರಂತೂ ನಮಗೇ ರೊಕ್ಕ. ಅವರನ್ನು ಎರಡರಿಂದ ಮೂರಕ್ಕೆ ತಳ್ಳೋದೇ ಅರ್ಧ ಗೆಲುವು.

ಇಲ್ಲಿ ಡಬಲ್ ಹೇಳಲು ಸ್ಪೇಡ್ ರಾಣಿ, 10, 7, 4, ಹಾರ್ಟ್ 8, ಡೈಮಂಡ್ ರಾಜ, ಗುಲಾಮ, 6, 2, ಕ್ಲಬ್ ರಾಜ, 9, 5, 3 ಸಾಕು. ಐದು ಸ್ಪೇಡ್ ಇದ್ದರೆ ಎರಡು ಸ್ಪೇಡ್, ಸೂಟ್ ಸುಮಾರಾಗಿದ್ದರೂ. ಎರಡು ಮೈನರ್ ಇದ್ದರೆ ಎರಡು ನೋ ಟ್ರಂಪ್. ಪಾಸ್ ಆಗಿದ್ದ ಹರಾಜಿನಲ್ಲಿ ಅದು ನೋ ಟ್ರಂಪ್ ಆಡುವ ಇಷ್ಟ ಅಲ್ಲ, "ಕ್ಲಬ್ ಅಥವಾ ಡೈಮಂಡ್, ಆರಿಸು" ಅಂತ.

ಆದರೆ ಅವರಿಗೆ ಹೊಂದಾಣಿಕೆ ಸಿಗದೆ ನಿಂತಿದ್ದರೆ ಇದೇ ಧೈರ್ಯ ತೋರಿಸಬೇಡಿ. ಒಂದು ಸ್ಪೇಡ್, ಒಂದು ನೋ ಟ್ರಂಪ್, ಎರಡು ಹಾರ್ಟ್, ಪಾಸ್ ಅಂತ ಒಬ್ಬರ ಸೂಟ್ ಇನ್ನೊಬ್ಬರಿಗೆ ಬೇಡವಾಗಿ ನಿಂತ ಹರಾಜು ನಿಮಗೂ ಕೆಟ್ಟದ್ದೇ. ಅವರಿಗೆ ಹೊಂದದ ಎಲೆಗಳು ನಿಮಗೂ ಹೊಂದೋದಿಲ್ಲ. ಸುಮ್ನೆ ಬಿಡಿ. ಒಂದು ನೋ ಟ್ರಂಪ್‌ನಿಂದ ಶುರುವಾಗಿ ಅಲ್ಲೇ ನಿಂತ ಹರಾಜಿನಲ್ಲೂ ಪಾಯಿಂಟ್ ನೋಡಿ ಡಬಲ್ ಬೇಡ. ಎರಡು ಉದ್ದದ ಸೂಟ್ ಇದ್ದರೆ ಮಾತಾಡಿ, ಇಲ್ಲದಿದ್ದರೆ ಎಲೆ ಇಳಿಸಿ ಆಡಿ.

ಶುರು ಮಾಡಿದವರೇ ಕೊನೆಗೆ ಕೂತಾಗ

ನೀವೇ ಒಂದು ಸ್ಪೇಡ್ ಅಂದಿರಿ. ಎಡಗಡೆಯವರು ಎರಡು ಹಾರ್ಟ್. ಪಾರ್ಟ್‌ನರ್ ಪಾಸ್, ಬಲಗಡೆ ಪಾಸ್. ಹಳೇ ಕಾಲದಲ್ಲಿ ಪಾರ್ಟ್‌ನರ್‌ಗೆ ಹಾರ್ಟ್ ಇದ್ದರೆ ತಾನೇ ಡಬಲ್ ಹೇಳಿ ಹೊಡೆಯುತ್ತಿದ್ದ. 1957ರಲ್ಲಿ ಆಲ್ವಿನ್ ರಾತ್ ನೆಗೆಟಿವ್ ಡಬಲ್ ತಂದ ಮೇಲೆ ಆ ಡಬಲ್‌ನ ಅರ್ಥವೇ ಬದಲಾಯಿತು. ಅದೇ ವರ್ಷ ಸ್ಪುಟ್ನಿಕ್ ಹಾರಿತ್ತು, ಹಾಗಾಗಿ ಈ ಡಬಲ್‌ಗೂ ಸ್ಪುಟ್ನಿಕ್ ಅಂತಲೇ ಹೆಸರು ಬಿತ್ತು. ಈಗ ಪಾರ್ಟ್‌ನರ್ ಡಬಲ್ ಅಂದರೆ "ಬೇರೆ ಸೂಟ್ ಇದೆ" ಅಂತ ಅರ್ಥ. ಹಾರ್ಟ್ ತುಂಬಿದ್ದರೆ ಪಾಸ್ ಅಂದು ನಿಮಗಾಗಿ ಕಾಯಬೇಕು.

ಹಾಗಾಗಿ ಹಾರ್ಟ್ ಒಂದು ಅಥವಾ ಎರಡು ಇದ್ದರೆ ಹನ್ನೆರಡರ ಕೈಯಲ್ಲೂ ಡಬಲ್ ಹೇಳಿ. ಮೂರು ಅಥವಾ ನಾಲ್ಕು ಇದ್ದರೆ ಪಾರ್ಟ್‌ನರ್ ಬಲೆ ಹಾಕಿರಲಾರರು, ಪಾಸ್ ಅಂದರೆ ತಪ್ಪಿಲ್ಲ.

ಎಲ್ಲಿ ಆಡುತ್ತಿದ್ದೀರಿ ಅನ್ನೋದೂ ಮುಖ್ಯ

ಪೇರ್ಸ್ ಆಟದಲ್ಲಿ, ಅಂದರೆ ಅದೇ ಎಲೆಗಳನ್ನು ಆಡಿದ ಬೇರೆ ಜೋಡಿಗಳ ಜೊತೆ ಹೋಲಿಸುವ ಟೂರ್ನಮೆಂಟಿನಲ್ಲಿ, ಪ್ರತಿ ಹತ್ತು ಪಾಯಿಂಟಿಗೂ ಬೆಲೆ ಇದೆ. ಅಲ್ಲಿ ಎರಡು ಹಾರ್ಟ್‌ನಲ್ಲಿ ಅವರನ್ನು ಆರಾಮಾಗಿ ಬಿಡೋದು ಸೋಲಿಗೆ ದಾರಿ. ಆದರೆ ವಲ್ನರಬಲ್ ಇದ್ದು ಎರಡು ಟ್ರಿಕ್ ಸೋತರೆ 200 ಹೋಗುತ್ತದೆ, ಡಬಲ್ ಆಗಿ ಒಂದು ಸೋತರೂ 200. ಅವರ 110ಕ್ಕಿಂತ ಅದು ಕೆಟ್ಟದ್ದು. ಟೀಮ್ ಆಟದಲ್ಲಿ ಐವತ್ತು-ಅರವತ್ತರ ವ್ಯತ್ಯಾಸಕ್ಕೆ ಅಷ್ಟು ತೂಕ ಇಲ್ಲ, ಆದರೆ ಮಲಗಿದ್ದವರನ್ನು ಎಬ್ಬಿಸಿ ಗೇಮ್‌ಗೆ ಕಳಿಸಿದರೆ ದೊಡ್ಡ ಪೆಟ್ಟು.

ನಮ್ಮದು ಮನೆಯ ರಬ್ಬರ್ ಆಟ, ಮೊದಲು ಎರಡು ಗೇಮ್ ಗೆದ್ದವರು ಗೆದ್ದ ಹಾಗೆ. ಇಲ್ಲಿ ಎರಡು ಹಾರ್ಟ್ ಗೆದ್ದರೆ ಗೆರೆಯ ಕೆಳಗೆ, ಅಂದರೆ ಗೇಮ್‌ಗೆ ಎಣಿಸುವ ಜಾಗದಲ್ಲಿ, 60 ಬೀಳುತ್ತದೆ. ಗೇಮ್‌ಗೆ ಇನ್ನು 40 ಸಾಕು. ಮುಂದಿನ ಕೈಯಲ್ಲಿ ಅವರಿಗೆ ಎರಡು ಕ್ಲಬ್ ಗೆದ್ದರೂ ಗೇಮ್. ಹಾಗಾಗಿ ರಬ್ಬರ್‌ನಲ್ಲಿ ನಾನು ಇನ್ನೂ ಜಾಸ್ತಿ ಮಾತಾಡುತ್ತೇನೆ.

ಕ್ಲಬ್‌ಗಳಲ್ಲಿ ಬಿಡ್ಡಿಂಗ್ ಬಾಕ್ಸ್ ಇರುತ್ತದೆ. ಪಾಸ್‌ಗೆ ಹಸಿರು ಕಾರ್ಡ್, ಡಬಲ್‌ಗೆ ಕೆಂಪು. ದನಿ ಕೇಳಿಸೋದಿಲ್ಲ. ನಾವು ಬಾಯಲ್ಲೇ ಹೇಳುತ್ತೇವೆ, ಅದೇ ಫಜೀತಿ. ಕಾಕಾ ಒಳ್ಳೆ ಕೈ ಇದ್ದಾಗ "ಪಾ...ಸ್" ಅಂತ ಎಳೆಯುತ್ತಾರೆ, ಕೆಟ್ಟ ಕೈ ಇದ್ದಾಗ "ಪಾಸ್" ಅಂತ ಉಗುಳುತ್ತಾರೆ. ಅವರು ಎಳೆದಾಗ ನಾನು ಅದನ್ನು ನಂಬಿ ಡಬಲ್ ಹೇಳಿದರೆ ಅದು ಮೋಸ, ನಿಯಮದಲ್ಲೂ ತಪ್ಪು. ಪಾರ್ಟ್‌ನರ್ ಎಷ್ಟು ಹೊತ್ತು ಯೋಚಿಸಿದರು ಅನ್ನೋದನ್ನು ಬಳಸುವ ಹಾಗಿಲ್ಲ. ಅವರು ಎಳೆದ ದಿನ ನಾನು ಬೇಕಂತಲೇ ಇನ್ನೂ ಗಟ್ಟಿ ಕೈ ಇದ್ದರೆ ಮಾತ್ರ ಮಾತಾಡುತ್ತೇನೆ. ವೈನಿ ಕಣ್ಣು ನನ್ನ ಮೇಲೇ ಇರುತ್ತದೆ.

ಇನ್ನೂ ಬಗೆಹರಿಯದ ಒಂದು ಕೈ ಇದೆ. ಇಬ್ಬರೂ ವಲ್ನರಬಲ್. ಎಡಗಡೆ ಒಂದು ಸ್ಪೇಡ್, ಪಾಸ್, ಪಾಸ್. ನನ್ನ ಹತ್ತಿರ ಸ್ಪೇಡ್ 6, 2. ಹಾರ್ಟ್ ರಾಜ, 8, 4. ಡೈಮಂಡ್ ರಾಣಿ, ಗುಲಾಮ, 7, 3. ಕ್ಲಬ್ ರಾಜ, 9, 5, 2. ಒಂಬತ್ತು ಪಾಯಿಂಟ್. ಸ್ಪೇಡ್ ಎರಡೇ ಇದೆ, ಡಬಲ್ ಹೇಳು ಅಂತಾರೆ ಕಾಕಾ. ಹಾರ್ಟ್ ಮೂರೇ ಇದೆ, ಉತ್ತರ ಎರಡರ ಮಟ್ಟದಲ್ಲಿ ಬರುತ್ತದೆ, ಪಾಸ್ ಅಂತೀನಿ ನಾನು. ಸಾವ್ಕಾರ್ರನ್ನು ಕೇಳಿದರೆ ನಗುತ್ತಾರೆ. "ನೀವು ಏನ್ ಮಾಡ್ತೀರಿ ಅಂತ ನನಗ ಗೊತ್ತಿರಬಾರದು, ಮುಂದಿನ ವಾರ ಇದೇ ಕೈ ಬರಬಹುದು" ಅಂತಾರೆ.